ಅರ್ಧ ಎತ್ತಿದ ಕೈ

ಅಕ್ಟೋಬರ್ ತಿಂಗಳ ಎರಡನೇ ಭಾನುವಾರ ಸಂಜೆ ಏಳೂಕಾಲಿಗೆ ಡೊಂಬಿವಲಿ ಪೂರ್ವದ ಪೊಲೀಸ್ ಠಾಣೆಗೆ ಬಂದ ದೂರು ಕೇಳಿ ಇನ್ಸ್‌ಪೆಕ್ಟರ್ ಸಂಗಮೇಶ ಬಿರಾದಾರನಿಗೆ ಮೊದಲು ನಗು ಬಂತು. ಒಂದು ಸಿನಿಮಾದ ಅರ್ಧ ಭಾಗ ಕಳವಾಗಿದೆಯಂತೆ.

ದೂರುದಾರ ಶಶಿಕಾಂತ್, ಬ್ಯಾಂಕ್ ನೌಕರ, ಒಂದು ಹೌಸಿಂಗ್ ಸೊಸೈಟಿಯ ಕನ್ನಡ ಬಳಗದ ಕಾರ್ಯದರ್ಶಿ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅರ್ಧ ಅಂದ್ರ?"

"ಇಂಟರ್ವಲ್‌ವರೆಗೆ ನೋಡಿದ್ವಿ ಸರ್. ಹೊರಗೆ ಹೋಗಿ ಟೀ ಕುಡಿದು ಬರೋಷ್ಟರಲ್ಲಿ ಹಾರ್ಡ್ ಡಿಸ್ಕ್ ಇಲ್ಲ."

"ಇನ್ನೊಂದು ಕಾಪಿ ಹಾಕ್ಕೊಂಡು ನೋಡ್ರಿ."

"ಇನ್ನೊಂದು ಇಲ್ಲ ಸರ್. ಅದೇ ಕಷ್ಟ."

ಐವತ್ತು ವರ್ಷದ ಹಿಂದಿನ ಕಪ್ಪುಬಿಳುಪು ಪತ್ತೇದಾರಿ ಚಿತ್ರ ಅದು. ಟೆಂಟುಗಳಲ್ಲಿ ಜೋರಾಗಿ ಓಡಿ ಆಮೇಲೆ ಕಾಣೆಯಾಗಿತ್ತು. ಯೂಟ್ಯೂಬಿನಲ್ಲಿಲ್ಲ, ಟಿವಿಯಲ್ಲಿ ಬಂದಿಲ್ಲ. ವಾಶಿಯ ಸಿದ್ದಲಿಂಗಪ್ಪ ಎಂಬ ಹಿರಿಯರ ಬಳಿ ಹಳೆಯ ರೀಲುಗಳಿದ್ದವು. ಅವನ್ನು ಡಿಸ್ಕಿಗೆ ಇಳಿಸಿದ ಮೇಲೆ ರೀಲುಗಳೂ ಪುಡಿಯಾಗಿ ಹೋದವು. ಉಳಿದದ್ದು ಅಂಗೈಯಗಲದ ಆ ಡಿಸ್ಕ್ ಮಾತ್ರ. ಕಾಪಿ ಮಾಡಕೂಡದು ಎಂಬ ಷರತ್ತಿನ ಮೇಲೆ ಶಶಿಕಾಂತ್ ಒಂದು ಸಂಜೆಯ ಮಟ್ಟಿಗೆ ಕೇಳಿ ತಂದಿದ್ದ. ಮುದುಕರ ಕೈ ಹಿಡಿದು "ನನ್ನ ಜವಾಬ್ದಾರಿ" ಎಂದು ಬಂದಿದ್ದನಂತೆ. ಅದನ್ನು ಹೇಳುವಾಗ ತನ್ನ ಕೈಯನ್ನೇ ನೋಡಿಕೊಂಡ. ಸಂಗಮೇಶನ ನಗು ಅಲ್ಲಿಗೆ ನಿಂತಿತು.

ಎಫ್‌ಐಆರ್ ಆಯಿತು. ಕಾನ್‌ಸ್ಟೇಬಲ್ ದಿಲೀಪ ಭೋಯಿರ್ ಜೀಪು ತೆಗೆದ.

ಸಭಾಂಗಣ ನಾಲ್ಕನೇ ಮಹಡಿಯ ಮೇಲಿನ ಟೆರೇಸಿನಲ್ಲಿತ್ತು. ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಬರೆಯಲಾಯಿತು: ಮೇಜು, ಲ್ಯಾಪ್‌ಟಾಪ್, ನೇತಾಡುವ ವೈರು, ಎಂಜಲು ಕಪ್ಪುಗಳು. ಸಿಸಿಟಿವಿ ಇದ್ದದ್ದು ಕೆಳಗಿನ ಗೇಟಿಗೆ ಮಾತ್ರ. ಕಳವಿನ ಹೊತ್ತಿನಿಂದ ಹೊರಗೆ ಹೋದವರಿಲ್ಲ ಎಂದು ಅದು ತೋರಿಸುತ್ತಿತ್ತು. ಡಿಸ್ಕ್ ಕಟ್ಟಡದಲ್ಲೇ ಇರಬೇಕು. ಶಶಿಕಾಂತ್ ನೆರೆಹೊರೆಯವರ ಚೀಲಗಳನ್ನೆಲ್ಲ ತಾನೇ ತಡಕಿ ಅರ್ಧ ಜನರ ವೈರ ಕಟ್ಟಿಕೊಂಡಾಗಿತ್ತು.

ಆಮೇಲೆ ಹೇಳಿಕೆಗಳು. ಸಂಗಮೇಶ ಕೇಳಿದ್ದು ಡಿಸ್ಕಿನ ವಿಷಯ, ಜನ ಹೇಳಿದ್ದು ಸಿನಿಮಾದ ವಿಷಯ.

"ಮೇಜಿನ ಹತ್ರ ಯಾರನ್ನಾದರೂ ನೋಡಿದ್ರೇನು?"

"ಇಲ್ಲ ಸಾರ್. ಆದ್ರೆ ಫಸ್ಟ್ ಹಾಫ್ ಸ್ವಲ್ಪ ಎಳೆದದ್ದು. ಕೊಲೆ ಆಗ್ಲಿಕ್ಕೇ ಮುಕ್ಕಾಲು ಗಂಟೆ ಎಂತಕ್ಕೆ ಬೇಕು ಮಾರಾಯ್ರೆ?" ಎಂದರು ಮೊದಲನೇ ಮಹಡಿಯ ರತ್ನಾವತಿ. ಮಂಗಳೂರು ಕಡೆಯವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು.

ಇನ್ನೊಬ್ಬರಿಗೆ ನೆರಳು ಬೆಳಕು ಹಿಡಿಸಿತ್ತು, ಮತ್ತೊಬ್ಬರಿಗೆ ನಾಯಕಿ ಅತ್ತದ್ದು ಅತಿಯಾಗಿತ್ತು. ಲ್ಯಾಪ್‌ಟಾಪ್ ನಡೆಸಿದ ಕಾಲೇಜು ಹುಡುಗಿ ಮಯೂರಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟಳು: "ಸರ್, ಮೈನೆ ತೋ ಬಸ್ ಪ್ಲೇ ದಬಾಯಾ. ಪಿಕ್ಚರ್ ಸ್ಲೋ ಥೀ." ಅವಳು ಬರೀ ಪ್ಲೇ ಒತ್ತಿದ್ದಂತೆ, ಪಿಚ್ಚರ್ ನಿಧಾನವಂತೆ.

ಕೊಲೆಗಾರ ಯಾರೆಂಬ ಬಗ್ಗೆ ಮಾತ್ರ ಹೆಚ್ಚು ಭೇದ ಇರಲಿಲ್ಲ. ಪತ್ತೇದಾರಿ ಚಿತ್ರವಾದರೆ ಮಧ್ಯಂತರದಲ್ಲಿ ಕೈ ಎತ್ತಿಸುವುದು ಬಳಗದ ಪದ್ಧತಿ. ಸರಿ ಹೇಳಿದವರಿಗೆ ಕೊನೆಯಲ್ಲಿ ಮೈಸೂರುಪಾಕು. ಸತ್ತ ಯಜಮಾನನ ತಮ್ಮನಿಗೆ ಎರಡು ಕೈ, ಡಾಕ್ಟರಿಗೆ ಒಂದು. ಬಂಗಲೆಯ ಕಾವಲುಗಾರ ಎಂದಾಗ ಉಳಿದ ಸಭೆಯೆಲ್ಲ ಕೈ ಎತ್ತಿತ್ತು.

"ನಾನು ಎತ್ತಲಿಲ್ಲ ಸಾರ್," ಎಂದರು ರತ್ನಾವತಿ, ಕೇಳದೆಯೇ.

ಕಟ್ಟಡದ ಕಾವಲುಗಾರ ಜಟ್ಟೆಪ್ಪ ಇಂಡಿ ತಾಲ್ಲೂಕಿನವ. ವಾಗ್ಳೆ ಎಸ್ಟೇಟ್ ಕೈಗಾರಿಕಾ ವಸಾಹತಿನ ಕಾರ್ಖಾನೆ ಮುಚ್ಚಿದಂದಿನಿಂದ ಈ ಗೇಟಿನಲ್ಲಿದ್ದ.

"ಚಾ ಹೊತ್ತಿಗೆ ಎಲ್ಲಿದ್ದಿ?"

"ಕೆಳಗ ಪಂಪಿನ ಕೋಣ್ಯಾಗ್ರಿ. ಐದಕ್ಕ ನೀರ್ ಬರ್ತದ. ಮ್ಯಾಲ ಬಂದೇ ಇಲ್ರಿ ಸಾಹೇಬ್ರ."

ಜೀಪು ಹತ್ತುವಾಗ ದಿಲೀಪ ಮರಾಠಿಯಲ್ಲಿ ತೀರ್ಪು ಕೊಟ್ಟ: "ಸಾಹೇಬ, ವಾಚ್‌ಮನ್‌ಚ ಅಸಣಾರ." ವಾಚ್‌ಮನ್ನೇ ಇರಬೇಕಂತೆ. ಸಂಗಮೇಶ ರೇಗಿದ. ರೇಗಲು ಕಾರಣ, ಅದೇ ಮಾತು ಅವನ ಬಾಯಿಗೂ ಬಂದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಕಟ್ಟಡದಲ್ಲಿ ಏನು ಕಳವಾದರೂ ಅವನು ಮೊದಲು ಕರೆಸಿದ್ದು ಕಾವಲುಗಾರನನ್ನೇ. ಎಷ್ಟು ಸಲ ಅದು ಸುಳ್ಳಾಯಿತು ಎಂಬುದರ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಕಾರ್ಖಾನೆಗಳ ಕಡೆಯಿಂದ ಬರುವ ಕಮಟು ವಾಸನೆಗೆ ಕಿಟಕಿ ಮುಚ್ಚಿದ, ಸೆಕೆಗೆ ತೆಗೆದ, ಮತ್ತೆ ಮುಚ್ಚಿದ.

ಸೋಮವಾರ ಮನೆ ಮನೆ ಶೋಧವಾಯಿತು. ಮೀಟರ್ ಕೋಣೆ, ನೀರಿನ ಟ್ಯಾಂಕು, ಪಂಪಿನ ಕೋಣೆ, ಎಲ್ಲಿಯೂ ಸಿಗಲಿಲ್ಲ. ಸೊಸೈಟಿಯ ಜನ ಈಗಾಗಲೇ ಜಟ್ಟೆಪ್ಪನನ್ನು ಬದಲಿಸುವ ಮಾತಾಡುತ್ತಿದ್ದರು. ಸಂಗಮೇಶ ಗೇಟಿನ ಬಳಿ ಅವನ ಪಕ್ಕ ನಿಂತ.

"ಜನಾ ನಿನ್ನ ಮ್ಯಾಲ ಹೊರಸ್ಲಿಕ್ಕತ್ತಾರ."

"ಹೊರಸ್ತಾರ್ರಿ. ನಿನ್ನೆ ಪಿಚ್ಚರಿನ್ಯಾಗಿನಂವನ್ನ ಬಿಟ್ಟಾರೇನು?" ಜಟ್ಟೆಪ್ಪ ನಕ್ಕ. "ಆಟಕ್ಕ ಕೈ ಎತ್ಯಾರ, ಇರ್ಲಿ ಬಿಡ್ರಿ. ರತ್ನಾವತಿ ಅಕ್ಕಾರ ಒಬ್ರ ಅರ್ಧಾ ಎತ್ತಿದ್ರು, ಪಾಪ."

ಅಷ್ಟರಲ್ಲಿ ಆ ಅಕ್ಕಾರ ಮನೆಯ ಕಿಟಕಿ ತೆರೆಯಿತು. ದಿನಾ ನಾಲ್ಕಕ್ಕೆ ಅವರೇ ಕೆಳಗಿಳಿದು ಅವನಿಗೆ ಸ್ಟೀಲಿನ ಲೋಟದಲ್ಲಿ ಚಹಾ ಕೊಡುವುದು ರೂಢಿ. ಅಂದು ಕಿಟಕಿ ಮತ್ತೆ ಮುಚ್ಚಿತು, ಯಾರೂ ಇಳಿದು ಬರಲಿಲ್ಲ.

ಮಂಗಳವಾರ ಡಿಸ್ಕಿನ ಒಡೆತನದ ಹೇಳಿಕೆಗಾಗಿ ಸಂಗಮೇಶ ವಾಶಿಗೆ ಹೋದ. ಸಿದ್ದಲಿಂಗಪ್ಪ ಶಶಿಕಾಂತನನ್ನು ಬೈಯಲಿಲ್ಲ. ಖಾಲಿ ಕಪಾಟಿನ ಮುಂದೆ ಕೂತಿದ್ದರು.

"ಜನಾ ಏನಂದ್ರು ಪಿಚ್ಚರಿಗೆ?"

"ಸ್ಲೋ ಅಂದ್ರ್ರಿ."

"ಅನ್ನಲಿ. ಇದರ ಜೀವಾ ಇರೋದು ಕಡೀ ನಿಮಿಷದಾಗ. ಅವಾಗ ಯಾರೂ ಕೂಡಂಗಿಲ್ಲ. ಕೊಂದಾಂವ ಸಿಕ್ಕ ಅಂದ ಕೂಡ್ಲೆ ಎದ್ದು ಚಪ್ಪಲಿ ಹುಡುಕ್ತಾರ."

"ಯಾರ್ರಿ ಕೊಂದಾಂವ?"

"ಡಿಸ್ಕ್ ತಂದುಕೊಡ್ರಿ, ನೋಡೂಣಂತ."

ಥಾಣೆ ಶಹರದ ಕಡೆ ಹೋಗುವ ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತವನಿಗೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಏನೋ ಕೇಳಿಯೂ ಕೇಳದಂತೆ ಬಿಟ್ಟು ಬಂದಿದ್ದೇನೆ ಎನ್ನಿಸುತ್ತಿತ್ತು. ರಬಾಳೆ ದಾಟುವಾಗ ಅದು ಹೊಳೆಯಿತು. ರತ್ನಾವತಿ ತಾನು ಕೈ ಎತ್ತಲಿಲ್ಲ ಎಂದಿದ್ದರು. ಅರ್ಧ ಎತ್ತಿದರು ಎಂದವನು ಜಟ್ಟೆಪ್ಪ. ಪಂಪಿನ ಕೋಣೆಯಲ್ಲಿದ್ದವನಿಗೆ ಅದು ಹೇಗೆ ಕಂಡಿತು?

ಡೊಂಬಿವಲಿಯಲ್ಲಿಳಿದು ನೇರ ಮಯೂರಿಯ ಮನೆಗೆ ಹೋದ. ಕೈ ಎತ್ತುವ ಆಟವನ್ನು ಅವಳು ಪರದೆಯ ಬಳಿಯಿಂದ ಮೊಬೈಲಿನಲ್ಲಿ ಹಿಡಿದಿದ್ದಳು. ಕಳವಿನ ಗದ್ದಲದಲ್ಲಿ ಯಾರಿಗೂ ತೋರಿಸಿರಲಿಲ್ಲ. ವಿಡಿಯೋದಲ್ಲಿ ಸಾಲುಸಾಲು ಕೈಗಳು, ಮುಂದಿನ ಕುರ್ಚಿಯಿಂದ ಯಾರದೋ ಕೂಗು: "ಅರೆ, ನಮ್ಮ ಜಟ್ಟೆಪ್ಪನ ಥರಾನೇ ಇದಾನೆ ನೋಡ್ರೀ!" ಸಭೆ ಬಿದ್ದು ಬಿದ್ದು ನಗುತ್ತಿತ್ತು. ಕಡೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ, ರತ್ನಾವತಿ ಅತ್ತಿತ್ತ ನೋಡಿದರು. ಅವರ ಕೈ ಕಿವಿಯವರೆಗೆ ಎದ್ದಿತು, ಅಲ್ಲೇ ತಡೆಯಿತು, ಕೂದಲು ಸರಿಮಾಡಿಕೊಂಡಂತೆ ಇಳಿಯಿತು. ಅವರ ಹಿಂದೆ ಕುರ್ಚಿಗಳಿರಲಿಲ್ಲ. ತೆರೆದ ಬಾಗಿಲು, ಅದರಾಚೆ ಮೆಟ್ಟಿಲಿನ ಕತ್ತಲು.

ರತ್ನಾವತಿ ವಿಡಿಯೋ ನೋಡಿ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಎಲ್ಲರೂ ಎತ್ತಿದ್ರು ಅಂತ ಎತ್ತಿದ್ದು ಸಾರ್. ನಗೆಗೆ. ಇದನ್ನು ನಾನು ಯಾರ ಹತ್ರವೂ ಹೇಳ್ಲಿಲ್ಲ. ಚಾ ಕೊಡ್ಲಿಕ್ಕೂ ಮುಖ ಇಲ್ಲದೆ ಕೂತಿದ್ದೇನೆ."

ಸಂಜೆ ಐದೂವರೆಗೆ ಸಂಗಮೇಶ ಗೇಟಿಗೆ ಬಂದ. ತನ್ನ ಅನುಮಾನ ಸುಳ್ಳಾಗಲಿ ಎಂಬ ಆಸೆ ಅವನಿಗಿತ್ತು.

"ಅಕ್ಕಾರ ಅರ್ಧಾ ಕೈ ಎತ್ತಿದ್ದು ನಿನಗ ಹ್ಯಾಂಗ ಗೊತ್ತಾತು?"

ಜಟ್ಟೆಪ್ಪ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. ಸುಳ್ಳು ಹುಡುಕಲಿಲ್ಲ.

"ಪಂಪ್ ಹಚ್ಚಿ ಮ್ಯಾಲ ಬಂದಿದ್ದೆ. ಪಿಚ್ಚರ್ ಎಲ್ಲೀತನಾ ಬಂತು ನೋಡೂಣು ಅಂತ."

"ಆಟಕ್ಕ ನಕ್ಕಿದ್ದಕ್ಕ ಕಳವು ಮಾಡೂದೇನು?"

"ಕಡೀಕ ಕೊಂದಾಂವ ಆ ವಾಚ್‌ಮನ್ನೇ ಅಂತ ಆಗಿದ್ರ, ಆ ದಿನಾ ನನ್ನ ನೋಡಿ ನಗ್ತಿದ್ರು. ಮರುದಿನಾ ಯಾರದರ ಸೈಕಲ್ ಹೋಗಿದ್ರ ನಗ್ತಿದ್ದಿಲ್ರಿ. ಅವರೆಲ್ಲಾ ಎತ್ತಲಿ ಸಾಹೇಬ್ರ, ಅವರ ಹೆಸರೂ ನನಗ ಪೂರಾ ಗೊತ್ತಿಲ್ಲ. ಅಕ್ಕಾರ ಕೈ ಏಳೂದ ನೋಡಿ ಸಂಕಟಾತು. ಇದು ಇಲ್ಲೇ ನಿಂದ್ರಲಿ, ಮುಂದ ಹೋಗೂದು ಬ್ಯಾಡ ಅನ್ನಿಸ್ತು."

ಇಬ್ಬರು ಪಂಚರ ಸಮಕ್ಷಮ ಅವನೇ ತೋರಿಸಿದ. ಬೆಂಕಿ ಆರಿಸಲು ತೂಗುಹಾಕಿದ್ದ ಕೆಂಪು ಬಕೆಟ್ಟಿನ ಮರಳಿನಡಿ, ಹಾಲಿನ ಚೀಲದಲ್ಲಿ ಸುತ್ತಿದ ಡಿಸ್ಕ್ ಸಿಕ್ಕಿತು. ಒಡೆದು ಹಾಕಬೇಕೆಂದಿದ್ದನಂತೆ. ಶಶಿಕಾಂತ್ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಕೇಳಿ ಕೈ ಬರಲಿಲ್ಲವಂತೆ. ಜಪ್ತಿ ಪಂಚನಾಮೆ ಮುಗಿಸಿ ಜಟ್ಟೆಪ್ಪನನ್ನು ಬಂಧಿಸಲಾಯಿತು. ಬಾಲ್ಕನಿಗಳಲ್ಲಿ ನಿಂತ ಜನ ನಾವು ಹೇಳಿರಲಿಲ್ಲವೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ್ದು ನಿಜವಾಗಿತ್ತು; ಸಂಗಮೇಶ ತಲೆಯೆತ್ತದೆ ಜೀಪು ಹತ್ತಿದ.

ಡಿಸ್ಕ್ ಸುಸ್ಥಿತಿಯಲ್ಲಿದೆಯೇ ಎಂದು ನೋಡಬೇಕಿತ್ತು. ಠಾಣೆಯ ಕಂಪ್ಯೂಟರಿಗೆ ಹಾಕಿ ಮಧ್ಯಂತರದಿಂದ ಓಡಿಸಿದರು. ಜಟ್ಟೆಪ್ಪ ಬೆಂಚಿನಲ್ಲಿ ಕೂತಿದ್ದ. ಪರದೆಯನ್ನು ಅವನಿಗೆ ಕಾಣದಂತೆ ತಿರುಗಿಸಲು ಸಂಗಮೇಶನಿಗೆ ಮನಸ್ಸಾಗಲಿಲ್ಲ.

ಕೊಂದವನು ಯಜಮಾನನ ತಮ್ಮ. ಕಾವಲುಗಾರ ಎಲ್ಲವನ್ನೂ ಕಂಡಿದ್ದ, ತನ್ನ ಮಾತು ಯಾರು ನಂಬುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದ. ತಮ್ಮನಿಗೆ ಬೇಡಿ ಬಿದ್ದ ಕೂಡಲೇ ದಿಲೀಪ ಟೋಪಿ ಎತ್ತಿಕೊಂಡು ಎದ್ದ.

"ಕೂಡ್ರಿ ಸಾಹೇಬ್ರ, ಇನ್ನೂ ಮುಗಿದಿಲ್ಲ," ಎಂದ ಜಟ್ಟೆಪ್ಪ. ದಿಲೀಪ ಕೂತ.

ಪರದೆಯಲ್ಲಿ ಮನೆಮಂದಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅನುಮಾನದ ಮೇಲೆ ಹಿಡಿದೊಯ್ದಿದ್ದ ಕಾವಲುಗಾರ ಬಿಡುಗಡೆಯಾಗಿ ಅಂಗಳ ದಾಟಿ ಬಂದ. ಗೇಟಿನ ದೀಪ ಹಚ್ಚಿ ತನ್ನ ಸ್ಟೂಲಿನ ಮೇಲೆ ಕೂತ. ಅಷ್ಟೇ.

"ಹ್ಯಾಂಗದ ಪಿಚ್ಚರ್?" ಎಂದು ಕೇಳಿದ ಸಂಗಮೇಶ.

"ಚಲೋ ಅದರಿ." ಎಂದ ಜಟ್ಟೆಪ್ಪ. "ಆದ್ರ ಕಡೀಕ ಅಂವಗ ಯಾರೂ ಒಂದ್ ಮಾತು ಅನ್ನಲಿಲ್ಲಲ್ರಿ."

ಫೋನ್ ರಿಂಗಾಯಿತು. ಡಿಸ್ಕ್ ಸರಿಯಿದೆ ಎಂದು ತಿಳಿದು ಶಶಿಕಾಂತ್ ಉಸಿರು ಬಿಟ್ಟ, ಒಡನೆಯೇ ಕೇಳಿದ: "ಸರ್, ನೋಡಿದ್ರಾ? ಕೊನೆಗೆ ಯಾರು?" ಸಂಗಮೇಶ ಫೋನ್ ಇಟ್ಟುಬಿಟ್ಟ.

ಬಾಗಿಲಲ್ಲಿ ರತ್ನಾವತಿ ನಿಂತಿದ್ದರು. ಕೈಯಲ್ಲಿ ಚಹಾದ ಫ್ಲಾಸ್ಕು, ಅದೇ ಸ್ಟೀಲಿನ ಲೋಟ. ಒಳಗೆ ಬರಲೋ ಬೇಡವೋ ಎಂಬ ಹಾಗೆ ಹೊಸ್ತಿಲಲ್ಲೇ ತಡೆದಿದ್ದರು. ಅವರನ್ನು ಕಂಡು ಜಟ್ಟೆಪ್ಪ ಎದ್ದು ನಿಂತ.

"ಅಕ್ಕಾರ," ಎಂದ, "ಅಂವ ಅಲ್ಲಂತ್ರಿ."

ರತ್ನಾವತಿ ಲೋಟಕ್ಕೆ ಚಹಾ ಬಗ್ಗಿಸಿದರು. ಅರ್ಧ ನೆಲಕ್ಕೆ ಚೆಲ್ಲಿತು. ಅವನು ಎರಡೂ ಕೈಯಿಂದ ಲೋಟ ಹಿಡಿದುಕೊಂಡ.

ಸಂಗಮೇಶ ಕೇಸ್ ಡೈರಿ ತೆರೆದ. ಕೃತ್ಯದ ಕಾರಣ ಎಂಬಲ್ಲಿ ಪೆನ್ನು ಊರಿದ. ಆಮೇಲೆ ಬರೆದ: ಆರೋಪಿಯು ಚಿತ್ರದ ಕೊನೆಯನ್ನು ನೋಡಿರಲಿಲ್ಲ.