ಸುಗಂಧಿಯಕ್ಕ ಕೊಡದ ಒಪ್ಪಿಗೆ

"ನಾನು ಒಪ್ಪಿದ್ದೇನೆ ಅಂತ ಇದರಲ್ಲಿ ಉಂಟಂತೆ ಬಾಯಮ್ಮ. ಮದುವೆಗೆ ಒಪ್ಪಿದ ಮೇಲೆ ನಾನು ಯಾವುದಕ್ಕೂ ಒಪ್ಪಿದವಳೇ ಅಲ್ಲ!"

ಸುಗಂಧಿಯಕ್ಕ ಮೊಬೈಲ್ ಕಂಪೆನಿಯ ಕಾಗದವನ್ನು ಸೆಲೀನ್ ಆಂಟಿಯ ಮೇಜಿನ ಮೇಲೆ ಹಾಕಿದರು. ನಿಟ್ಟೆಯಲ್ಲಿ ಕೆಲಸಕ್ಕಿದ್ದ ಅವರ ಮಗ ಜಿತೇಶ್ ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದ.

ಆಂಟಿ ಮೂವತ್ತು ವರ್ಷ ಕಾರ್ಕಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ನಿವೃತ್ತರಾದ ಮೇಲೆ ಊರವರು 'ಬಾಯಮ್ಮ' ಎಂದು ಕರೆಯುತ್ತಾ ಬಿಡಿಸಲಾಗದ ಗಂಟುಗಳನ್ನು ಅವರ ಬಳಿ ತರುತ್ತಿದ್ದರು. ಎಂ.ಎ. ಮುಗಿಸಿ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಜೊತೆಗೆ ಹೋಗುತ್ತಿದ್ದೆ. "ಆಸ್ಟಿನ್, ನಿನ್ನ ಡಿಗ್ರಿಗಿಂತ ನೀನು ಸುಮ್ಮನಿರುವುದೇ ನನಗೆ ಉಪಯೋಗ" ಎಂದು ಅವರು ಹೇಳುವುದಿತ್ತು.

ಸಂಗತಿ ಇಷ್ಟು. ಸುಗಂಧಿಯಕ್ಕ ಬೀಡಿ ಕಟ್ಟುವುದರ ಜೊತೆಗೆ ಈಗ ಕೋಳಿ ಸಾರಿಗೆ ಮುರಿದು ಹಾಕುವ ಗರಿಗರಿ ಕೋರಿ ರೊಟ್ಟಿ ಮಾಡಿ ಪಡುಬಿದ್ರಿಯಿಂದ ಮಣಿಪಾಲದವರೆಗೆ ಅಂಗಡಿಗಳಿಗೆ ಕಳಿಸುತ್ತಿದ್ದರು. ಪ್ಯಾಕೆಟುಗಳ ಮೇಲೆಲ್ಲ ಅವರ ನಂಬರು ಅಚ್ಚಾಗಿತ್ತು. ಆದರೆ ಆ ಕಂಪೆನಿಯ ಸಿಗ್ನಲ್ ಕುಕ್ಕುಂದೂರಿನ ರಸ್ತೆಬದಿಯ ಅಂಗಡಿಗಳಲ್ಲಿ ಸಿಕ್ಕರೂ ಅವರ ಮನೆಯಲ್ಲಿ ಸಿಗುತ್ತಿರಲಿಲ್ಲ.

"ಕಾಪುವಿನ ಹೋಟೆಲಿನವರು ಮೂರು ಸಲ ಫೋನ್ ಮಾಡಿದರಂತೆ, ತಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆಯವರಿಂದ ರೊಟ್ಟಿ ತರಿಸ್ತಾರಂತೆ. ಇದೇ ನಂಬರನ್ನು ಬೇರೆ ಕಂಪೆನಿಗೆ ಹಾಕುವ ಅಂತ ಕೇಳಿದರೆ, ಜೂನ್ ಆರಕ್ಕೆ ನೀವು ಎರಡು ವರ್ಷ ಮುಂದುವರಿಸಿದ್ದೀರಿ, ಬಿಡುವುದಾದರೆ ಏಳು ಸಾವಿರದ ಇನ್ನೂರು ಕಟ್ಟಿ ಅಂತಾರೆ. ಅಲ್ಲಿವರೆಗೆ ನಂಬರು ಬಿಡುವುದಿಲ್ಲವಂತೆ!"

"ಒಪ್ಪಿಗೆ ಬಂದದ್ದು ಹತ್ತು ಗಂಟೆ ನಲ್ವತ್ತೆರಡು ನಿಮಿಷಕ್ಕೆ, ಒಟಿಪಿ ಮೂಲಕ" ಎಂದು ಆಂಟಿ ಕಾಗದ ಓದಿದರು. "ಆಗ ಫೋನ್ ಯಾರ ಹತ್ತಿರ ಇತ್ತು?"

"ನನ್ನ ಕೈಯಲ್ಲೇ. ಗಣಪಣ್ಣನ ಅಂಗಡಿಯಲ್ಲಿ ರೇಷನಿಗೆ ನಿಂತಿದ್ದೆ. ಚೀಟಿ ಬೇಕಾದರೆ ಉಂಟು."

ಚೀಟಿಯಲ್ಲಿ ಹತ್ತು ನಲ್ವತ್ನಾಲ್ಕು ಎಂದಿತ್ತು. ನನ್ನ ಕಣ್ಣು ಜಿತೇಶನ ಮೇಲಿತ್ತು. ಅವನ ಇಂಟರ್ನೆಟ್ ನಡೆಯುತ್ತಿದ್ದುದು ಅಮ್ಮನ ಪ್ಲಾನಿನಲ್ಲೇ. ಅಮ್ಮ ಕಂಪೆನಿ ಬಿಟ್ಟರೆ ನಷ್ಟ ಅವನಿಗೆ. ಅವನ ಮೌನ ನನಗೆ ಹಿಡಿಸಲಿಲ್ಲ.

"ಸುಗಂಧಿ, ಕೈ ತೋರಿಸು" ಎಂದರು ಆಂಟಿ.

ಬೀಡಿ ಎಲೆ ಸುರುಳಿ ಸುತ್ತಿ ಸುತ್ತಿ ಹೆಬ್ಬೆರಳಿನ ಗೆರೆಗಳೇ ಅಳಿಸಿ ಹೋಗಿದ್ದವು.

"ರೇಷನ್ ಮೆಷಿನಿಗೆ ನನ್ನ ತಂಬ್ ಹಿಡಿಯುವುದಿಲ್ಲ ಬಾಯಮ್ಮ. ಬೀಡಿಯವರದ್ದೆಲ್ಲ ಹಾಗೆಯೇ. ಮೊಬೈಲಿಗೆ ನಂಬರು ಬರ್ತದೆ, ಕೂಗಿ ಹೇಳಿದರೆ ಅಕ್ಕಿ. ಅವತ್ತು ಮೊದಲು ಹೇಳಿದ್ದು ತಪ್ಪು ಅಂತ ಗಣಪಣ್ಣ ಬೈದರು. ಮತ್ತೆ ಇನ್ನೊಂದು ಬಂತು."

ಆಂಟಿ ಸುಗಂಧಿಯಕ್ಕನ ಫೋನು ತೆಗೆದುಕೊಂಡು ಜೂನ್ ಆರರ ಮೆಸೇಜುಗಳವರೆಗೆ ಹಿಂದಕ್ಕೆ ಸರಿಸಿದರು. ಎರಡು ನಿಮಿಷದ ಅಂತರದಲ್ಲಿ ಎರಡು ಒಟಿಪಿ. ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಕನ್ನಡದಲ್ಲಿ.

"ಇಂಗ್ಲಿಷ್ ಓದ್ತೀಯಾ?"

"ಅಂಕೆ ಮಾತ್ರ."

ಮರುದಿನ ಕುಕ್ಕುಂದೂರಿಗೆ ಹೋದೆವು. ಗಣಪಣ್ಣನ ದನಿ ರಸ್ತೆಯ ತಿರುವಿಗೇ ಕೇಳಿಸುತ್ತಿತ್ತು. ಅವರ ಅಂಗಡಿಗೂ ಪಕ್ಕದ ಮೊಬೈಲ್ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ. ಮೊಬೈಲ್ ಅಂಗಡಿಯ ಶ್ರವಣ್ ಆ ಕಂಪೆನಿಯ ಏಜೆಂಟ್. ಆಂಟಿಯನ್ನು ಕಂಡು ನಗುತ್ತಾ ಕುರ್ಚಿ ತಂದಿಟ್ಟ.

"ಮೂರು ತಿಂಗಳಿಂದ ಇದೇ ಕತೆ" ಎಂದು ಗಣಪಣ್ಣ ಗುಡುಗಿದರು. "ಮೊದಲ ನಂಬರು ಹೊಡೆದರೆ ಮೆಷಿನ್ ಕೆಂಪು! ಎರಡನೆಯದಕ್ಕೆ ಅಕ್ಕಿ. ಎಂತ ಮೆಷಿನ್ ಮಾರಾಯ್ರೆ!"

ಆಂಟಿ ಎರಡು ದಿನ ಮನೆಮನೆ ತಿರುಗಿ ರೇಷನ್ ಸಾಲಿನ ಹೆಂಗಸರ ಫೋನು, ಚೀಟಿ ನೋಡಿದರು. ನಾನು ಹೆಸರು, ದಿನ, ಸಮಯ ಬರೆದುಕೊಂಡೆ. ಶನಿವಾರ ಗಣಪಣ್ಣನ ಜಗಲಿಯಲ್ಲಿ ಶ್ರವಣ್, ಜಿತೇಶ್, ಹೆಂಗಸರು ಎಲ್ಲರೂ ಸೇರಿದರು. ಆಂಟಿಯ ಕರೆಗೆ ಮಣಿಪಾಲದಿಂದ ಕಂಪೆನಿಯ ಅಧಿಕಾರಿ ಸೋನಿಯಾ ಕೂಡ ಬಂದಿದ್ದರು.

"ಇಲ್ಲಿಯ ರೇಷನ್ ಸಾಲಿನಲ್ಲಿ ಅದೇ ಕಂಪೆನಿಯ ಫೋನು ಇರುವವರು ಹನ್ನೊಂದು ಜನ" ಎಂದು ಆಂಟಿ ಶುರು ಮಾಡಿದರು. "ಎಂಟು ಜನರ ಕರಾರು ಅವರಿಗೇ ಗೊತ್ತಿಲ್ಲದೆ ಮುಂದುವರಿದಿದೆ. ಶಾಲೆಯ ಆನಿ ಟೀಚರ್ ಸೇರಿ ಉಳಿದ ಮೂವರದ್ದು ಹಾಗಾಗಿಲ್ಲ. ಈ ಮೂವರೂ ಬೀಡಿ ಕಟ್ಟಿದವರಲ್ಲ. ಅವರ ತಂಬ್ ಹಿಡಿಯುತ್ತದೆ, ಒಟಿಪಿ ಬೇಡ. ಎಂಟು ಜನರ ಒಪ್ಪಿಗೆಯೂ ರೇಷನ್ ಚೀಟಿಗಿಂತ ಎರಡು ಮೂರು ನಿಮಿಷ ಮೊದಲು."

"ಹಾಗಾದರೆ ನಾವೇ ಕೂಗಿದ ನಂಬರಾ!" ಎಂದರು ಸುಗಂಧಿಯಕ್ಕ.

"ಹೌದು. ಮೊದಲು ಬಂದದ್ದು ಕರಾರಿನ ಒಟಿಪಿ, ಇಂಗ್ಲಿಷಿನದ್ದು. ನೀವು ಅಕ್ಕಿಯದ್ದೆಂದು ಕೂಗಿದಿರಿ. ಕೇಳಿದವರು ಇಬ್ಬರು. ಒಬ್ಬರು ಗಣಪಣ್ಣ."

"ನಾನಾ?" ಗಣಪಣ್ಣನ ದನಿ ಮೊದಲ ಸಲ ಸಣ್ಣದಾಯಿತು.

"ನೀವಲ್ಲ ಮಾರಾಯ್ರೆ. ನಿಮಗೆ ಗೊತ್ತಿದ್ದರೆ ಆ ನಂಬರನ್ನು ನಿಮ್ಮ ಮೆಷಿನಿಗೆ ಹಾಕಿ ಕೆಂಪು ಮಾಡಿಸಿಕೊಂಡು ಮೂರು ತಿಂಗಳು ಬೈಯುತ್ತಿರಲಿಲ್ಲ. 'ಸುಗಂಧೀ, ತಂಬ್ ಹಿಡಿಯಲಿಲ್ಲ' ಅಂತ ನೀವು ಕೂಗುವುದು ಹಲಗೆಯ ಆಚೆಗೂ ಕೇಳುತ್ತದೆ. ಅಲ್ಲಿ ಕೂತವನ ಹತ್ತಿರ ಕಂಪೆನಿಯ ಕಂಪ್ಯೂಟರ್ ಉಂಟು, ಇವರೆಲ್ಲರ ನಂಬರೂ ಉಂಟು. ನಿಮ್ಮ ಮೆಷಿನಿಗಿಂತ ಮೊದಲೇ ಒಟಿಪಿ ಕಳಿಸಿ ಕಿವಿಕೊಟ್ಟರೆ ಆಯಿತು. ಅಲ್ವಾ ಶ್ರವಣ್?"

ಶ್ರವಣ್ ಹಲಗೆಯ ಗೋಡೆಯತ್ತ ತಿರುಗಿ ನೋಡಿದ.

"ತಿಂಗಳಿಗೆ ಇಷ್ಟು ಜನರನ್ನು ಉಳಿಸಿಕೊಳ್ಳಬೇಕು ಅಂತ ಟಾರ್ಗೆಟ್ ಉಂಟು ಆಂಟಿ..."

"ಟಾರ್ಗೆಟಿಗೆ ನಾವೇ ಸಿಕ್ಕಿದ್ದಾ? ನಿನ್ನ ಮದುವೆಗೆ ರೊಟ್ಟಿ ಮಾಡಿಕೊಟ್ಟವಳು ನಾನು!" ಎಂದು ಸುಗಂಧಿಯಕ್ಕ ಎದ್ದರು. ಹೆಂಗಸರು ಒಟ್ಟಾಗಿ ಹಿಡಿದು ಕೂರಿಸಿದರು, ನಗುತ್ತಲೇ.

"ಒಟಿಪಿ ಅವರೇ ಹೇಳಿದ್ದಾರಲ್ಲ" ಎಂದು ಸೋನಿಯಾ ಮೆಲ್ಲನೆ ಹೇಳಿ ನೋಡಿದರು.

"ಅಕ್ಕಿಗೆಂದು ಹೇಳಿದ್ದು ಎರಡು ವರ್ಷಕ್ಕೆ ಒಪ್ಪಿಗೆ ಹೇಗಾಗುತ್ತದೆ? ಎಂಟು ಚೀಟಿ, ಎಂಟು ಫೋನು, ಎಲ್ಲ ಇಲ್ಲಿದೆ. ಗ್ರಾಹಕರ ಕೋರ್ಟಿನಲ್ಲಿ ಓದಬೇಕೋ, ಇಲ್ಲೇ ಸಾಕೋ?"

ಸೋನಿಯಾ ಪಟ್ಟಿಯನ್ನು ಎರಡು ಸಲ ಓದಿದರು. ಶ್ರವಣನ ಏಜೆನ್ಸಿಯನ್ನು ಅಲ್ಲೇ ತಡೆಹಿಡಿದರು. ಎಂಟು ಕರಾರುಗಳನ್ನೂ ಶುಲ್ಕವನ್ನೂ ರದ್ದು ಮಾಡಿ ಬರಹದಲ್ಲಿ ಕೊಟ್ಟರು.

ಹಿಂದಿರುಗುವಾಗ ಜಿತೇಶನನ್ನು ಕೇಳಿದೆ, "ಅವತ್ತು ನೀನು ಯಾಕೆ ಮಾತಾಡಲಿಲ್ಲ?"

"ಅಮ್ಮನೇ ಯಾರಿಗೋ ಒಟಿಪಿ ಹೇಳಿದ್ದಾರೆ ಅಂತ ಅಂದಾಜಿತ್ತು. ಬೇರೆಯವರ ಎದುರು ಅವರನ್ನು ಸಣ್ಣ ಮಾಡ್ಲಿಕ್ಕೆ ಮನಸ್ಸಾಗಲಿಲ್ಲ."

ಮೌನಗಳನ್ನು ಓದಬಲ್ಲೆ ಎಂದುಕೊಂಡಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

ಮುಂದಿನ ವಾರ ನಂಬರು ಹೊಸ ಕಂಪೆನಿಗೆ ಹೋಯಿತು. ಆ ಬೆಳಿಗ್ಗೆ ನಾವು ಸುಗಂಧಿಯಕ್ಕನ ಅಡುಗೆಮನೆಯಲ್ಲಿ ಬಿಸಿ ರೊಟ್ಟಿ ಮುರಿಯುತ್ತಿದ್ದಾಗ ಫೋನು ಜೋರಾಗಿ ರಿಂಗಾಯಿತು. ಅವರ ಎರಡೂ ಕೈಗಳು ಹಿಟ್ಟಿನಲ್ಲಿದ್ದವು.

"ಕಾಪುವಿನವರು! ತೆಗಿ ಮಾರಾಯ, ಬೇಗ!"

ಜಿತೇಶ್ ಫೋನನ್ನು ಅಮ್ಮನ ಕಿವಿಗೆ ಹಿಡಿದ. ಸುಗಂಧಿಯಕ್ಕ ಕೇಳಿಸಿಕೊಂಡು, ನಮ್ಮತ್ತ ಕಣ್ಣರಳಿಸಿ ಹೇಳಿದರು:

"ನೂರು ಪ್ಯಾಕೆಟಾ? ಆಯ್ತು, ಒಪ್ಪಿದೆ!"