ಎರಡು ಸೀಸೆ, ಒಂದೇ ಮರೆವು

"ಹುಳುಗಳೆಲ್ಲ ಮರೆತುಬಿಟ್ಟಿವೆ, ಹೆಸ್ಟರ್. ನನ್ನನ್ನ ಸುಳ್ಳುಗಾತಿ ಅಂತ ಸಂಜೆಯೇ ಹೊರಗೆ ಹಾಕ್ತಾರೆ."

ಬಾಗಿಲಲ್ಲೇ ನಿಂತು ಇಷ್ಟು ಹೇಳಿದ ಸಂಶೋಧಕಿ ನವೋಮಿ ಅತ್ತೇಬಿಟ್ಟಳು. ಮಸಾಚುಸೆಟ್ಸ್ ಕಡಲಂಚಿನ ಆ ಪ್ರಯೋಗಶಾಲೆಯಲ್ಲಿ ಏನು ಎಡವಟ್ಟಾದರೂ ಎಲ್ಲರೂ ಓಡಿಬರುತ್ತಿದ್ದುದು ಮಹಡಿಯ ಮೇಲೆ ಬೀಡುಬಿಟ್ಟಿದ್ದ ನಿವೃತ್ತ ವಿಜ್ಞಾನಿ ಹೆಸ್ಟರ್ ಪೀಬಡಿಯ ಬಳಿಗೆ. ಹೆಸ್ಟರಳ ನಂಬಿಕೆಯ ಜೊತೆಗಾರ ಆರಿನ್ ಕೂಡ ಅಲ್ಲೇ ಇದ್ದ. ಹುಳುಗಳನ್ನು ಮುಟ್ಟಿ ಪರೀಕ್ಷಿಸಿದವನು ಅವನೇ.

ಕಡಲ ಬಸವನಹುಳುವಿನ ಬಾಲಕ್ಕೆ ಮತ್ತೆ ಮತ್ತೆ ವಿದ್ಯುತ್ತಿನ ಪೆಟ್ಟು ಕೊಟ್ಟರೆ ಅದು ಮರುದಿನವೂ ನೆನಪಿಟ್ಟು, ಸುಮ್ಮನೆ ಮುಟ್ಟಿದರೂ ಬಹಳ ಹೊತ್ತು ಮುದುಡಿಕೊಂಡಿರುತ್ತದೆ. ಒಂದು ಔಷಧ ಚುಚ್ಚಿದರೆ ಮರುದಿನಕ್ಕೆ ಆ ನೆನಪು ಉಳಿಯುವುದಿಲ್ಲ ಎಂದು ನವೋಮಿ ಹೇಳಿದ್ದಳು. ಅದನ್ನೀಗ ಎಲ್ಲರೆದುರು ಮಾಡಿ ತೋರಿಸಬೇಕಿತ್ತು. ನೀಲಿ ಸೀಸೆಯಲ್ಲಿ ಔಷಧ, ಹಳದಿಯಲ್ಲಿ ಬರೀ ಉಪ್ಪುನೀರು. ಒಂದು ಗುಂಪಿನ ಹುಳುಗಳಿಗೆ ನೀಲಿಯದು, ನೆನಪು ಉಳಿಯಬೇಕಾದ ಇನ್ನೊಂದು ಗುಂಪಿಗೆ ಹಳದಿಯದು. ತುಂಬಿದ ಅವಳೊಬ್ಬಳಿಗೇ ಅದು ಗೊತ್ತು. ಚುಚ್ಚುವವನಿಗೂ ಮುಟ್ಟುವವನಿಗೂ ತಿಳಿಯಬಾರದೆಂಬುದು ಅಲ್ಲಿನ ಕಟ್ಟುನಿಟ್ಟು. ಸೀಸೆಗಳನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದವನೂ ಚುಚ್ಚಿದವನೂ ಸಹೋದ್ಯೋಗಿ ಡೆಸ್ಮಂಡನೇ. ಅವಳು ಕಾಯುತ್ತಿದ್ದ ಖಾಯಂ ಹುದ್ದೆಗೆ ಅವನೂ ಬಾಯಿಬಿಟ್ಟುಕೊಂಡು ಕಾದಿದ್ದ.

"ಪೆಟ್ಟು ಕೊಟ್ಟ ಸ್ವಲ್ಪ ಹೊತ್ತಿಗೆ ಮುಟ್ಟಿದಾಗ ಏನಾಯ್ತು?" ಹೆಸ್ಟರ್ ಕೇಳಿದಳು.

"ಎಲ್ಲಾ ಚೆನ್ನಾಗೇ ಮುದುಡಿಕೊಂಡ್ವು," ಎಂದ ಆರಿನ್. "ಇವತ್ತು ಎರಡೂ ಗುಂಪಲ್ಲಿ ಒಂದಕ್ಕೂ ನೆನಪಿಲ್ಲ."

"ಸೀಸೆಯಲ್ಲಿ ಉಳಿದಿರೋದನ್ನ ತಪಾಸಣೆಗೆ ಕೊಟ್ಟು ಬಾ."

ಸಂಜೆ ಎಲ್ಲರೂ ಸೇರಿದರು. "ನವೋಮಿ ಹಿಂದೆ ಹೇಳಿದ್ದು ಕಟ್ಟುಕತೆ," ಎಂದರು ಮುಖ್ಯಸ್ಥ ವಿಟ್ಕಂ. "ಈ ಸಲ ನಾವು ಕಣ್ಣಿಟ್ಟಿದ್ವಿ, ಬಣ್ಣ ಬಯಲಾಯ್ತು."

"ಪೆಟ್ಟಿನ ಸುದ್ದಿ ಜೀವಕೋಶದೊಳಗೆ ಕೈಯಿಂದ ಕೈಗೆ ಸಾಗತ್ತೆ," ಎಂದಳು ಹೆಸ್ಟರ್. "ಅಷ್ಟಕ್ಕೇ ನಿಂತ್ರೆ ಗಳಿಗೆಯ ನೆನಪು. ಕೋಶಕೇಂದ್ರ ಮುಟ್ಟಿ ಹೊಸ ಪ್ರೋಟೀನ್ ಕಟ್ಟಿಸಿದ್ರೇನೇ ಮರುದಿನದ ನೆನಪು. ಔಷಧ ತಡೆಯೋದು ಆ ಕಟ್ಟೋ ಕೆಲಸವನ್ನ. ಹುಳುಗಳಿಗೆ ಮೊದಲು ನೆನಪಿತ್ತು, ಆಮೇಲೆ ಹೋಯ್ತು. ಅಂದ್ರೆ ಎಲ್ಲಕ್ಕೂ ಔಷಧ ಬಿದ್ದಿದೆ. ಹಳದಿ ಸೀಸೆಯಲ್ಲೂ ಅದು ಸಿಕ್ಕಿದೆ."

"ಅವಳೇ ಹಾಕಿರ್ತಾಳೆ," ಎಂದ ಡೆಸ್ಮಂಡ್.

"ನೀಲಿಯಲ್ಲಿ ಅವಳು ಹಾಕಿದ್ದರ ಎರಡರಷ್ಟಿದೆ, ಡೆಸ್ಮಂಡ್. ಔಷಧ ಎಲ್ಲಿದೆ ಅಂತ ಗೊತ್ತಿದ್ದವಳು ಅದಕ್ಕೇ ಮತ್ತೆ ಯಾಕೆ ಸುರೀತಾಳೆ? ಗೊತ್ತಿಲ್ಲದವನು ಎರಡಕ್ಕೂ ಸುರಿದ. ಫ್ರಿಜ್ಜಿನ ಬೀಗದಕೈ ಇದ್ದದ್ದು ನಿನ್ನ ಹತ್ರ ಮಾತ್ರ."

ಡೆಸ್ಮಂಡ್ ಬಾಗಿಲ ಕಡೆ ಹೆಜ್ಜೆ ಹಾಕಿದ. ಆರಿನ್‌ಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

"ನವೋಮಿ, ನಾನು..." ವಿಟ್ಕಂ ತಡವರಿಸಿದರು.

"ಇಷ್ಟು ವರ್ಷ ನನ್ನ ಕೆಲಸ ಕಣ್ಣಾರೆ ನೋಡಿದ್ರಿ, ಪ್ರೊಫೆಸರ್," ಎಂದಳು ಅವಳು. "ಅದನ್ನ ಒಂದೇ ದಿನಕ್ಕೆ ಹೇಗೆ ಮರೆತ್ರಿ?"