ಒಳಗಿನ ಸ್ನೇಹಿತೆ

"ಬೇಡ," ಎಂದಳು ಥೆಕ್ಲಾ.

ಬಾಗಿಲಲ್ಲಿ ನಿಂತವನು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ವೋಲೋಸ್ ಎಂಬ ಗ್ರೀಕ್ ಊರಿನ ಆ ಹಲ್ವಾ ಕಾರ್ಖಾನೆಯ ಅಂಗಳದಲ್ಲಿ ಬೆಳಿಗ್ಗೆ ಅರೆದ ಎಳ್ಳಿನ ಡಬ್ಬವೊಂದು ಉರುಳಿತ್ತು. ಅವನ ಹೊಳೆಯುವ ಬಲಗಾಲಿನ ಬೂಟು ಅದಕ್ಕೆ ಅಂಟಿಕೊಂಡು ಹಿಂದೆಯೇ ಉಳಿದಿತ್ತು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಆದರೂ ಅವನು ಮದುವೆಗೆ ಬಂದವನಂತೆ ನೆಟ್ಟಗೆ ನಿಂತಿದ್ದ.

"ನಾನಿನ್ನೂ ಏನೂ ಹೇಳೇ ಇಲ್ಲವಲ್ಲ, ಕೀರಿಯಾ ಥೆಕ್ಲಾ." ಶ್ರೀಮತಿಯವರೇ ಎನ್ನುವ ಮರ್ಯಾದೆಯ 'ಕೀರಿಯಾ' ಅವನ ಬಾಯಲ್ಲಿ ಸಿದ್ಧವಾಗಿತ್ತು.

"ಟೈ ಕಟ್ಕೊಂಡು ಇಲ್ಲಿಗೆ ಬರೋರು ಎರಡೇ ಥರ. ತೆರಿಗೆಯವರು, ಮಾರೋರು. ತೆರಿಗೆಯವರು ನೆಲ ನೋಡ್ಕೊಂಡು ನಡೀತಾರೆ."

ಅವನ ಹೆಸರು ಅರ್ಗೀರಿಸ್. ಗ್ರೋಸ್‌ವೆರ್ಕ್ ಎಂಬ ಝೂರಿಕ್‌ನ ದೊಡ್ಡ ಸಾಫ್ಟ್‌ವೇರ್ ಕಂಪನಿಯವನು. ಕಾಫಿ ಕುಡಿದ, ತಲೆ ಬಾಗಿಸಿದ, ಕುಂಟುತ್ತಾ ಹೋಗಿ ಬೂಟನ್ನು ಎಳ್ಳಿನಿಂದ ಕಿತ್ತುಕೊಂಡು ಹೊರಟ.

ಥೆಕ್ಲಾ ಆಗ ನಗಲಿಲ್ಲ. ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುವಾಗ ನಗು ಬಂತು. ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು... ಆ ಮನೆಯಲ್ಲಿ ಬೇರೆ ಯಾರೋ ನಕ್ಕಂತೆ ಅನಿಸಿತ್ತು ಅವಳಿಗೆ.

ಗಂಡ ಸ್ಟೆಲ್ಯೋಸ್ ತೀರಿಕೊಂಡ ಮೇಲೆ ಆ ಮನೆ ನಗು ಕೇಳಿರಲಿಲ್ಲ.

ಕಾರ್ಖಾನೆ ಕೀರ್ ಪಾಂತೆಲಿಸ್ ಎಂಬ ಮುದುಕನದು. ಆದರೆ ಥೆಕ್ಲಾ ಹೂಂ ಅನ್ನದೆ ಅಲ್ಲಿಗೆ ಒಂದು ಮೂಟೆ ಎಳ್ಳೂ ಬರುತ್ತಿರಲಿಲ್ಲ. ಸರಕು, ಸಂಬಳ, ಲೆಕ್ಕ ಎಲ್ಲವೂ ಓಡುತ್ತಿದ್ದದ್ದು ಒಂದು ಹಳೆಯ ಕಂಪ್ಯೂಟರಿನಲ್ಲಿ, ಸ್ಟೆಲ್ಯೋಸ್ ಬರೆದಿಟ್ಟುಹೋದ ಪ್ರೋಗ್ರಾಮಿನಲ್ಲಿ. ಅದನ್ನು ತೆರೆದಾಗಲೆಲ್ಲ ಪರದೆಯ ಮೇಲೆ 'ಶುಭೋದಯ, ಥೆಕ್ಲಾ' ಎಂದು ಮೂಡುತ್ತಿತ್ತು. ಮಧ್ಯಾಹ್ನ ತೆರೆದರೂ ಶುಭೋದಯವೇ. ಸ್ಟೆಲ್ಯೋಸ್ ಯಾವತ್ತೂ ಹೊತ್ತು ನೋಡಿದವನಲ್ಲ.

ಗ್ರೋಸ್‌ವೆರ್ಕ್‌ನ ಕಥೆ ಬೇರೆ. ಬ್ಯಾಂಕು, ಬಂದರು, ಸಿಮೆಂಟು ಕಂಪನಿಗಳೆಲ್ಲ ಅದರ ಸಾಫ್ಟ್‌ವೇರ್ ಕೊಂಡು ಮುಗಿದಿತ್ತು. ದೊಡ್ಡ ಮೀನುಗಳು ಖಾಲಿಯಾದ್ದರಿಂದ ಈಗ ನಡುಗಾತ್ರದ ಕಾರ್ಖಾನೆಗಳಿಗೆ ಬಲೆ. ಮೊದಲ ವರ್ಷ ಬಾಡಿಗೆ ಅಗ್ಗ. ಕಾರ್ಖಾನೆಯ ಪ್ರಾಣವೆಲ್ಲ ಅದರೊಳಗೆ ಸೇರಿದ ಮೇಲೆ ಬಾಡಿಗೆ ಏರುತ್ತದೆ, ಏರುತ್ತಲೇ ಇರುತ್ತದೆ. ಬಿಟ್ಟು ಬರೋಣವೆಂದರೆ ಬರಲಾಗುವುದಿಲ್ಲ.

ಇದನ್ನು ಥೆಕ್ಲಾ ಆ ಮೊದಲ ಕಾಫಿಯ ಹೊತ್ತಿಗೇ ಅರ್ಗೀರಿಸನ ಮುಖಕ್ಕೇ ಹೇಳಿದ್ದಳು. ಅವನು ಅಲ್ಲಗಳೆದಿರಲಿಲ್ಲ. ತಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಡಲು ಎರಡು ದಿನ ತೆಗೆದುಕೊಳ್ಳುತ್ತಾರೆ, ನೀವು ಒಂದು ಕಾಫಿಯಲ್ಲಿ ಮುಗಿಸಿದಿರಿ ಎಂದಿದ್ದ.

ಮುಂದಿನ ತಿಂಗಳು ಮತ್ತೆ ಬಂದ. ಅದರ ಮುಂದಿನ ತಿಂಗಳೂ. ತಾನಿದ್ದ ಲಾರಿಸಾದಿಂದ ಕಾರು ಓಡಿಸಿಕೊಂಡು ಬರುವುದು, 'ಬೇಡ' ಕೇಳಿಸಿಕೊಳ್ಳುವುದು, ಪೆಟ್ಟಿಗೆಗೆ ಹೋಗಲಾರದ ಮುರುಕು ಹಲ್ವಾ ತಿನ್ನುವುದು, ಹೋಗುವುದು. ಮಾರುವ ಮಾತು ಬರಬರುತ್ತಾ ಕಡಿಮೆಯಾಯಿತು. ಅವನ ತಾಯಿಯ ಮಂಡಿನೋವು, ಪೇಲಿಯೋ ಬೆಟ್ಟದ ಸೇಬು, ಹೀಗೆ ಊರಿನ ಮಾತೆಲ್ಲ ಬಂತು. ಒಮ್ಮೆ ಸ್ಟೆಲ್ಯೋಸನ ಮಾತೂ ಬಂತು. ಥೆಕ್ಲಾ ತಾನಾಗಿಯೇ ಹೇಳಿದಳು. ಯಾಕೆ ಹೇಳಿದೆನೋ ಎಂದು ಆಮೇಲೆ ಕಸಿವಿಸಿಪಟ್ಟಳು.

ಜೂನ್‌ನಲ್ಲಿ ಒಂದು ದಿನ ಹಳೆಯ ಕಂಪ್ಯೂಟರ್ ನಿಂತೇಹೋಯಿತು. ಬಂದರಿನಲ್ಲಿ ಲಾರಿಗಳು ಕಾಯುತ್ತಿದ್ದವು. ಕೀರ್ ಪಾಂತೆಲಿಸ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಷ್ಟರಲ್ಲಿ ಅರ್ಗೀರಿಸ್ ಬಂದ. ಅಂಗಳದಲ್ಲಿ ನೆಲ ನೋಡಿಕೊಂಡು ನಡೆಯುವುದನ್ನು ಕಲಿತಿದ್ದ. ಕೋಟು ಬಿಚ್ಚಿಟ್ಟು ಮೇಜಿನ ಕೆಳಗೆ ನುಸುಳಿದವನು ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ, ಮೂಗಿಗೆ ಧೂಳು ಮೆತ್ತಿಕೊಂಡು ಎದ್ದ.

ಪರದೆ ಬೆಳಗಿತು. 'ಶುಭೋದಯ, ಥೆಕ್ಲಾ.'

ಅವನು ಅದನ್ನು ಓದಿದ. ತನ್ನ ಕೈಗಡಿಯಾರ ನೋಡಿಕೊಂಡ.

"ಇದರ ಗಡಿಯಾರ ಸರಿ ಮಾಡಬಹುದು. ಮಾಡ್ಲಾ?"

"ಬೇಡ," ಎಂದಳು.

ಅವನು ಮುಟ್ಟಲಿಲ್ಲ. ಕೈ ತೊಳೆದು ಕೋಟು ಹಾಕಿಕೊಂಡು ಹೋದ. ಆ ದಿನ ಅವನು ಏನನ್ನೂ ಮಾರಲು ನೋಡಲಿಲ್ಲ ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ.

*

ಸೆಪ್ಟೆಂಬರ್ ಮೊದಲ ವಾರ ಝೂರಿಕ್‌ನಿಂದ ಅವನ ಮೇಲಧಿಕಾರಿ ಹೆಲ್ಗಾ ವೈಡ್ನರ್ ಬಂದಳು. ಗ್ರೀಕ್ ಭಾಷೆಯನ್ನು ತರಗತಿಯಲ್ಲಿ ಕಲಿತವಳು. ತುಂಬ ಒಳ್ಳೆಯ ಹೆಂಗಸು. ಬಂದವಳೇ ಥೆಕ್ಲಾಳ ಎರಡೂ ಕೈ ಹಿಡಿದುಕೊಂಡಳು.

"ಕಡೆಗೂ ತಮ್ಮನ್ನು ಕಂಡೆ! ಇಡೀ ದಕ್ಷಿಣ ಯುರೋಪಿನಲ್ಲಿ ತಾವೇ ನಮ್ಮ ಅತ್ಯುತ್ತಮ ಒಳಗಿನ ಸ್ನೇಹಿತೆ."

ಅರ್ಗೀರಿಸನ ಮುಖ ಹಾಲಿನ ಹಲ್ವಾದ ಬಣ್ಣಕ್ಕೆ ತಿರುಗಿತು.

"ಹಾಗಂದ್ರೆ?" ಥೆಕ್ಲಾ ಕೇಳಿದಳು.

ಹೆಲ್ಗಾ ಸಂತೋಷದಿಂದ ವಿವರಿಸಿದಳು. ಪ್ರತಿ ಕಾರ್ಖಾನೆಯಲ್ಲೂ 'ಬೇಡ' ಎನ್ನುವ ಒಬ್ಬರು ಇರುತ್ತಾರೆ. ಮಾಲೀಕರನ್ನು ಬಿಟ್ಟು ಅವರನ್ನು ಹಿಡಿಯಬೇಕು. ಅವರ ಜೊತೆ ಕಾಫಿ ಕುಡಿಯಬೇಕು, ಅವರ ಮನೆಯ ಸುಖದುಃಖ ತಿಳಿದುಕೊಳ್ಳಬೇಕು. ನಿಧಾನಕ್ಕೆ ಅವರು ನಮ್ಮವರಾಗುತ್ತಾರೆ. ಕಂಪನಿಯ ಹೊಸ ಮಾರುಕಟ್ಟೆ ನೀತಿಯೇ ಇದು. ಶ್ರೀ ಅರ್ಗೀರಿಸ್ ಅವರ ವಿಧಾನವನ್ನು ಬರುವ ವರ್ಷ ತರಬೇತಿಗೇ ಸೇರಿಸುತ್ತೇವೆ!

ಥೆಕ್ಲಾ ತನ್ನ ಕೈಗಳನ್ನು ಬಿಡಿಸಿಕೊಂಡಳು.

*ಕಾಫಿ. ಮುರುಕು ಹಲ್ವಾ. ಸ್ಟೆಲ್ಯೋಸ್... ಎಲ್ಲಾ ಪಾಠದ ಪ್ರಕಾರ.*

ಕರಾರಿಗೆ ಒಪ್ಪಿಗೆ ತಾನೇ ಎಂದು ಹೆಲ್ಗಾ ಕೇಳಿದಳು. ಥೆಕ್ಲಾ ಗಲ್ಲ ಮೇಲೆತ್ತಿ ಹುಬ್ಬು ಏರಿಸಿದಳು. ಊರಿನ ಕೂಸಿಗೂ ಗೊತ್ತು, ಅದು 'ಇಲ್ಲ'. ತರಗತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ. ಹೆಲ್ಗಾ ಅದನ್ನು 'ಹೂಂ' ಎಂದುಕೊಂಡು, ತಲೆಯಾಡಿಸುತ್ತಾ ಪೆನ್ನು ತೆಗೆದಳು. ಕೀರ್ ಪಾಂತೆಲಿಸ್ ಕೆಮ್ಮಿದ. ಕೊನೆಗೆ ಥೆಕ್ಲಾ ಬಾಯಿಬಿಟ್ಟೇ ಹೇಳಬೇಕಾಯಿತು, ಬೇಡ ಎಂದು.

ಅರ್ಗೀರಿಸ್ ಅವಳ ಹಿಂದೆ ಅಂಗಳಕ್ಕೆ ಓಡಿಬಂದ. ಅವಳು ತಿರುಗಿ ನಿಂತಳು.

"ನನ್ನ ಗಂಡ ಸತ್ತಿದ್ದನ್ನೂ ಝೂರಿಕ್‌ಗೆ ಹೇಳಿದ್ರಾ?"

"ಇಲ್ಲ," ಎಂದ. ಇನ್ನೂ ಏನೋ ಹೇಳಲು ನೋಡಿದ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪರದೆ ಅವಳಿಗೆ ಶುಭೋದಯ ಹೇಳಿತು.

ಎರಡು ವಾರ ಕಳೆದು ಹೆಲ್ಗಾಳ ಫೋನ್ ಬಂತು. ಪಾಪ, ಅವಳಿಗೆ ತಲೆಬುಡ ತಿಳಿದಿರಲಿಲ್ಲ. ತಮ್ಮ ಕಾರ್ಖಾನೆ ನಮ್ಮ ಅಳತೆಗೆ ತುಂಬ ಚಿಕ್ಕದು, ಎಂದಳು. ಮೂರು ಸಲ ಬೇಡ ಎಂದವರನ್ನು ಕೈಬಿಡಬೇಕೆಂಬುದೇ ನಿಯಮ. ಹಾಗಿದ್ದರೂ ಅರ್ಗೀರಿಸ್ ಇಡೀ ವರ್ಷ, ಈಕೆ ನಮ್ಮ ಸ್ನೇಹಿತೆ, ಮುಂದಿನ ತಿಂಗಳು ಖಂಡಿತ ಕೊಳ್ಳುತ್ತಾಳೆ ಎಂದು ಹೇಳುತ್ತಲೇ ಬಂದ. ಈಗ ಕೆಲಸವನ್ನೂ ಬಿಟ್ಟುಹೋಗಿದ್ದಾನೆ.

"ಆತ ಸುಳ್ಳು ಹೇಳಿದ್ದೇಕೆಂದು ತಮಗೇನಾದರೂ ಗೊತ್ತೇ?"

ಥೆಕ್ಲಾ ಫೋನಿಗೆ ಅಂಗೈ ಅಡ್ಡ ಹಿಡಿದಳು. ಪಕ್ಕದಲ್ಲೇ ಕಿವಿಯಾನಿಸಿ ನಿಂತಿದ್ದ ಕೀರ್ ಪಾಂತೆಲಿಸ್ ನಿಟ್ಟುಸಿರಿಟ್ಟ.

"ನಾನೂ ಹೀಗೇ, ಮಗಳೇ. ನಮ್ಮವಳನ್ನ ನೋಡೋಕೆ ಅವಳಪ್ಪನ ಅಂಗಡೀಲಿ ಚಳಿಗಾಲ ಪೂರ್ತಿ ಮೊಳೆ ಕೊಂಡೆ. ಮನೇಲಿ ಹೊಡೆಯೋಕೆ ಗೋಡೆ ಉಳೀಲಿಲ್ಲ." ಆಮೇಲೆ ಹಳೆಯ ಕಂಪ್ಯೂಟರಿನತ್ತ ಗಲ್ಲ ತೋರಿಸಿದ. "ಜೂನ್‌ನಲ್ಲಿ ಇದು ಸತ್ತಾಗ ಆ ಹುಡುಗ ಕೈಕಟ್ಟಿ ನಿಂತಿದ್ರೆ ಸಾಕಿತ್ತು. ಅವತ್ತೇ ನಾನು ರುಜು ಹಾಕಿಬಿಡ್ತಿದ್ದೆ."

ಥೆಕ್ಲಾ ಫೋನಿಗೆ ಹೇಳಿದಳು, ಕಾರಣ ಗೊತ್ತಿಲ್ಲ ಎಂದು. ಅದು ಗ್ರೋಸ್‌ವೆರ್ಕ್‌ಗೆ ಅವಳು ಹೇಳಿದ ಮೊದಲ ಸುಳ್ಳು.

*

ಸೆಪ್ಟೆಂಬರ್ ಇಪ್ಪತ್ತನಾಲ್ಕು ಸಂತ ಥೆಕ್ಲಾಳ ದಿನ. ಆ ಹೆಸರಿನವರ ಮನೆಗೆ ಆ ದಿನ ಯಾರನ್ನೂ ಕರೆಯುವುದಿಲ್ಲ. ನೆನಪಿರುವವರು ತಾವಾಗಿ ಬರುತ್ತಾರೆ, ಬಾಗಿಲು ತೆರೆದಿರುತ್ತದೆ. ಸ್ಟೆಲ್ಯೋಸ್ ಹೋದ ಮೇಲೆ ಅವಳು ಪ್ರತಿ ವರ್ಷವೂ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತಿದ್ದಳು, 'ಈ ವರ್ಷ ಆಚರಣೆ ಇಲ್ಲ' ಎಂದು.

ಈ ವರ್ಷವೂ ಬರೆದಳು. ಅಂಟು ಹಚ್ಚಿದಳು. ಬಾಗಿಲವರೆಗೂ ಹೋದಳು.

ತಿರುಗಿ ಬಂದು ಅದನ್ನು ಸಿಂಕಿನ ಕೆಳಗಿನ ಕಸದ ಬುಟ್ಟಿಗೆ ಹಾಕಿ, ಸಿಹಿತಿಂಡಿ ತರಲು ಹೋದಳು.

ಸಂಜೆ ಅಕ್ಕಪಕ್ಕದವರು ಬಂದರು. ಕೀರ್ ಪಾಂತೆಲಿಸ್ ಹೆಂಡತಿಯ ಜೊತೆ ಬಂದ, ಹಲ್ವಾ ತಂದ. ಎಲ್ಲರೂ ತಿಂದು, ಹರಸಿ, ಹೊರಟುಹೋದರು. ಥೆಕ್ಲಾ ತಟ್ಟೆ ಎತ್ತತೊಡಗಿದಳು. ಒಂದು ತಟ್ಟೆಯನ್ನು ಮಾತ್ರ ಎತ್ತಲಿಲ್ಲ.

ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಅರ್ಗೀರಿಸ್. ಟೈ ಇಲ್ಲ, ಚೀಲ ಇಲ್ಲ. ಎರಡೂ ಕಾಲಲ್ಲಿ ಬೂಟು ಮಾತ್ರ ಇತ್ತು.

"ನೂರು ವರ್ಷ ಬಾಳಿ, ಕೀರಿಯಾ ಥೆಕ್ಲಾ."

"ಏನು ಮಾರೋಕೆ ಬಂದ್ರಿ?"

"ಮಾರೋಕೆ ಏನೂ ಉಳಿದಿಲ್ಲ. ಈ ಊರಿಗೆ ಬರೋಕೆ ನನಗೀಗ ಒಂದು ಕಾರಣಾನೂ ಇಲ್ಲ. ಅದಕ್ಕೇ ಈ ದಿನಕ್ಕೆ ಕಾದೆ... ಇವತ್ತು ಕಾರಣ ಕೇಳೋ ಹಾಗಿಲ್ಲವಲ್ಲ."

ಅವಳು ಕೈಲಿದ್ದ ತಟ್ಟೆಗಳನ್ನು ಕೆಳಗಿಟ್ಟಳು. ಅವನೇ ಮುಂದುವರಿಸಿದ.

"ನೀವು 'ಬೇಡ' ಅಂದಾಗೆಲ್ಲ ನನಗೆ ಸಮಾಧಾನ ಆಗ್ತಿತ್ತು. ಬೇಕು ಅಂದಿದ್ರೆ ಕರಾರಿಗೆ ರುಜು ಹಾಕಿಸ್ಕೊಂಡು ಹೋಗ್ಬೇಕಿತ್ತು. ಮತ್ತೆ ಬರೋ ಹಾಗಿರ್ಲಿಲ್ಲ."

ಥೆಕ್ಲಾ ಮೇಜಿನ ಮೇಲೆ ಬಿದ್ದಿದ್ದ ಹಲ್ವಾದ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು.

"ಮೊದಲು ಸುಲಭವಾಗೇ ಇರುತ್ತೆ," ಎಂದಳು ಮೆಲ್ಲಗೆ. "ಒಂದು ಸಲ ಪ್ರಾಣ ಎಲ್ಲಾ ಒಳಗೆ ಸೇರಿದ ಮೇಲೆ ಬಿಟ್ಟು ಬರೋಕಾಗಲ್ಲ. ಅದಕ್ಕೆ ಏನು ತೆರಬೇಕು ಅಂತ ನನಗೆ ಗೊತ್ತು. ನಿಮಗೆ ಗೊತ್ತಾ?"

"ವರ್ಷವಿಡೀ ಅದನ್ನೇ ಅಲ್ವಾ ನಾನು ಮಾರಿದ್ದು," ಎಂದ ಅರ್ಗೀರಿಸ್. "ಈಗ ಕೊಳ್ಳೋಕೆ ಬಂದಿದ್ದೀನಿ."

ಅವಳು ನಕ್ಕಳು. ಈ ಸಲ ನಕ್ಕಿದ್ದು ಯಾರೆಂದು ಕಿವಿಗೊಟ್ಟು ಕೇಳಬೇಕಾಗಲಿಲ್ಲ.

"ಕಂಪ್ಯೂಟರ್ ಬೆಳಿಗ್ಗೆಯಿಂದ ಮತ್ತೆ ಮುನಿಸ್ಕೊಂಡಿದೆ," ಎಂದಳು.

"ನಾಳೆ ಬಂದು ನೋಡ್ಲಾ? ಅದರ ಶುಭೋದಯ ಮುಟ್ಟಲ್ಲ. ಅದು ಹಾಗೇ ಇರ್ಲಿ."

ಥೆಕ್ಲಾ ಉಳಿಸಿಟ್ಟಿದ್ದ ತಟ್ಟೆಯನ್ನು ಮೇಜಿನ ಈ ಬದಿಗೆ, ತನ್ನ ಕುರ್ಚಿಯ ಪಕ್ಕಕ್ಕೆ ಸರಿಸಿದಳು. ವರ್ಷವಿಡೀ 'ನೀವು' ಎಂದ ಬಾಯಿಗೆ ಮುಂದಿನ ಮಾತು ಕೊಂಚ ತಡವಾಗಿ ಬಂತು.

"ಬಾಗಿಲಲ್ಲೇ ಯಾಕೆ ನಿಂತಿದ್ದೀಯ, ಅರ್ಗೀರಿ? ಒಳಗೆ ಬಾ."